ವೋಲ್ಟೇಜಿನ ಬೀಗ ತೆಗೆದ ದಿನ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಅತ್ತಿಗೆ ಕೂತಿದ್ದಾರೆ, ಪಕ್ಕದಲ್ಲಿ ಮಗಳು — ಮೊದಲು ಅವರಿಬ್ಬರಿಗೆ ಕೈಮುಗಿಯುತ್ತೇನೆ. ನಮ್ಮ ಸ್ಟುಡಿಯೋದ ಮಾಲೀಕರಿಗೆ, ಜೊತೆಯಲ್ಲಿ ದುಡಿದ ನಿಮಗೆಲ್ಲ ವಂದನೆ. ಇವತ್ತು ಯಾರಿಗೆ ಶ್ರದ್ಧಾಂಜಲಿ ಸಲ್ಲಿಸಲು ಸೇರಿದ್ದೇವೋ, ನಾನು ಅವರ ಪಕ್ಕದ ಮೇಜಿನವನು. ಇವತ್ತು ಮಾತಾಡಲೇಬೇಕು — ನನ್ನನ್ನು ಒಂದು ಪ್ರಶ್ನೆ ಕೇಳಿದ್ದಾರೆ.

ನಿನ್ನೆ ಮನೆಗೆ ಹೋಗಿದ್ದಾಗ ಅತ್ತಿಗೆ ಕೇಳಿದರು. ಅಳಲಿಲ್ಲ. ಲೋಟ ತೊಳೆಯುತ್ತಾ, ನನ್ನ ಕಡೆ ತಿರುಗದೆ ಕೇಳಿದರು. "ಆ ಕಂಪ್ಯೂಟರ್ ಕಾರ್ಡನ್ನ ಅವರೇ ಸುಟ್ಟಿದ್ದಾ? ನಿಜ ಹೇಳಿ. ಮಗಳಿಗೆ ನಾನೇನ್ ಹೇಳ್ಲಿ?" ನಾನು ಉತ್ತರ ಕೊಡದೆ ಎದ್ದು ಬಂದೆ. ಇವತ್ತು ನಿಮ್ಮೆಲ್ಲರ ಮುಂದೆ ಕೊಡುತ್ತೇನೆ.

ಅವರನ್ನು ನಾವೆಲ್ಲ ಹದದಣ್ಣ ಎನ್ನುತ್ತಿದ್ದೆವು. ಹೊರಗಿನಿಂದ ಬಂದವರಿಗೆ ಗೊತ್ತಿರಲಿ — ಇನ್ನೂ ಕಟ್ಟದ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದರೊಳಗೆ ಓಡಾಡಿದ ಹಾಗೆ ಚಿತ್ರ ಮಾಡಿ ತೋರಿಸುವುದು ನಮ್ಮ ಕೆಲಸ. ಅದರ ಭಾರವೆಲ್ಲ ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಆ ಕಾರ್ಡಿನ ವೇಗ, ವೋಲ್ಟೇಜ್, ಫ್ಯಾನು — ಎಲ್ಲವನ್ನೂ ಒಂದು ಸಾಫ್ಟ್‌ವೇರಿನಲ್ಲಿ ಏರಿಸಿ ಇಳಿಸಿ, ಹಳೆಯ ಕಾರ್ಡಿನಿಂದ ಹೊಸದರ ಕೆಲಸ ತೆಗೆಯುವುದು ಹದದಣ್ಣನ ಕೈಚಳಕ.

ಅವರು ಕೂರುತ್ತಿದ್ದುದು ನಿಮಗೆಲ್ಲ ನೆನಪಿದೆ. ಹೀಗೆ — ಮೂಗು ಪರದೆಗೆ ತಾಗುವಷ್ಟು ಬಗ್ಗಿ. ವೇಗವನ್ನು ಕೂದಲೆಳೆಯಷ್ಟು ಏರಿಸೋರು, ಪರೀಕ್ಷೆ ಓಡಿಸೋರು. ಪರದೆಯ ಮೇಲೆ ಬಿಳಿ ಚುಕ್ಕಿ ಮಿಣುಕಿದರೆ ಹಿಂದಕ್ಕೆ. ಮಿಣುಕದಿದ್ದರೆ ಇನ್ನೊಂದು ಕೂದಲೆಳೆ. ನಡುವೆ ಯಾರಾದರೂ "ಆಯ್ತಾ?" ಅಂದರೆ ಕಥೆ ಮುಗೀತು. "ಹೆರಿಗೆ ಕೋಣೆಗೆ ನುಗ್ಗಿ ಮಗು ಎಲ್ಲಿ ಅಂತ ಕೇಳ್ತೀರೇನ್ರೀ? ಹದ ಬರ್ಲಿ, ಹೋಗಿ ಆ ಕಡೆ!" — ನಗಬಹುದು, ನಗಿ. ಬೈಸಿಕೊಳ್ಳದವರು ಇಲ್ಲಿ ಯಾರಿದ್ದೀರಿ?

ಆದರೆ ವೋಲ್ಟೇಜ್ ವಿಷಯಕ್ಕೆ ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಸಾಫ್ಟ್‌ವೇರಿನಲ್ಲಿ ವೋಲ್ಟೇಜಿಗೆ ಮೊದಲೇ ಬೀಗ ಹಾಕಿರುತ್ತದೆ. ಬೇಕೆಂದವರು ತಾವೇ ತೆಗೆಯಬೇಕು. ಹದದಣ್ಣ ತೆಗೆಯುತ್ತಿರಲಿಲ್ಲ. ನನಗೆ ಹೇಳಿದ್ದರು — "ಸ್ಪೀಡ್ ಜಾಸ್ತಿಯಾದ್ರೆ ಮಿಷನ್ನು ಜಗಳ ಆಡಿ ಕೂತ್ಬಿಡುತ್ತೆ, ಮತ್ತೆ ಎಬ್ಬಿಸ್ಬಹುದು. ವೋಲ್ಟೇಜ್ ಜಾಸ್ತಿಯಾದ್ರೆ ಬಾಯೇ ಬಿಡಲ್ಲ. ಚೆನ್ನಾಗೇ ಕೆಲ್ಸ ಮಾಡ್ತಾ ಇರುತ್ತೆ, ಒಳಗೊಳಗೇ ಸವೆಯುತ್ತೆ."

ಈ ಮಾತನ್ನೇ ಹಿಡಿದು, ಅವರೂ ಹಾಗೇ ಸವೆದರು ಎಂದು ದಯವಿಟ್ಟು ಯಾರೂ ಭಾಷಣ ಬಿಗಿಯಬೇಡಿ. ಡಾಕ್ಟರು ಹೃದಯ ನಿಂತಿತು ಎಂದಿದ್ದಾರೆ. ಯಾಕೆ ನಿಂತಿತು ಎಂದು ನನಗೆ ಗೊತ್ತಿಲ್ಲ. ಗೊತ್ತಿರುವುದನ್ನಷ್ಟೇ ಹೇಳುತ್ತೇನೆ.

ಆ ಆಸ್ಪತ್ರೆ ಕಟ್ಟಡದ ಚಿತ್ರ — ನೆನಪಿದೆಯಲ್ಲ? ಗಿರಾಕಿಗಳು ಸಂಜೆ ಬರುವವರಿದ್ದರು. ಊಟದ ಹೊತ್ತು ಕಳೆದರೂ ಚಿತ್ರ ಮುಗಿದಿರಲಿಲ್ಲ, ಒಂದಿಷ್ಟು ಉಳಿದಿತ್ತು. ವೇಗ ಏರಿಸಿದರೆ ಕಂಪ್ಯೂಟರ್ ಕೈಕೊಡುತ್ತಿತ್ತು. ಹದದಣ್ಣ ಕೀಬೋರ್ಡ್ ದೂಡಿ ಹೇಳಿದರು, "ಇದಕ್ಕಿಂತ ಮೇಲೆ ಹೋಗ್ಬೇಕಂದ್ರೆ ವೋಲ್ಟೇಜ್ ಏರಿಸ್ಬೇಕು. ಬೇಡ. ನಾಳೆ ಬನ್ನಿ ಅನ್ನೋಣ."

ನಾವು ಹಾಗೆ ಅನ್ನಲಿಲ್ಲ. ಅವರ ಕುರ್ಚಿಯ ಹಿಂದೆ ಸಂತೆ ಸೇರಿದ ಹಾಗೆ ಸೇರಿದೆವು. ಮಾಲೀಕರು ಹೆಗಲ ಮೇಲೆ ಕೈಯಿಟ್ಟು "ನೀವಿದ್ದೀರಲ್ಲ, ಏನೂ ಆಗಲ್ಲ" ಎಂದರು. ಬಣ್ಣ ತುಂಬುವ ಅಕ್ಕ "ಇದೊಂದ್ಸಲ, ಅಣ್ಣ" ಎಂದರು. ಕಾರ್ಡು ಉದ್ದಕ್ಕಿದೆಯೋ ಗುಂಡಗಿದೆಯೋ ಗೊತ್ತಿಲ್ಲದ ಲೆಕ್ಕದವರು ಕೂಡ "ಇನ್ನೊಂಚೂರು ಎಳೀರಿ" ಎಂದರು. ಬೀಗ ತೆಗೆಯುವಾಗ ಪರದೆಯ ಮೇಲೆ ಎಚ್ಚರಿಕೆ ಬಂತು — ಕಾರ್ಡು ಹಾಳಾಗಬಹುದು, ಹೊಣೆ ನಿಮ್ಮದೇ ಅಂತ. ಅವರು ಅದನ್ನು ಜೋರಾಗಿ ಓದಿದರು. ನಮಗೆ ಕೇಳಲಿ ಎಂದೇ ಓದಿದರು. ಕೇಳಿಸಿಕೊಂಡೆವು. ಕೇಳಿಸಿಕೊಂಡು — "ಒತ್ತಿ" ಎಂದೆವು.

ಚಿತ್ರ ಮುಗಿಯಿತು. ಗಿರಾಕಿಗಳು ಕೈಕುಲುಕಿದರು. ಗೆದ್ದೆತ್ತಿನ ಬಾಲ ಹಿಡಿಯುವುದಕ್ಕೆ ನೂಕುನುಗ್ಗಲು! "ನಮ್ಮ ಸ್ಪೀಡ್ ಅಂದ್ರೆ ಹೀಗೆ" ಎಂದು ಎಲ್ಲರೂ ಹೇಳಿಕೊಂಡೆವು. ಮರುದಿನ ಹದದಣ್ಣ ವೋಲ್ಟೇಜ್ ಇಳಿಸಲು ಹೋದರು. ಇನ್ನೊಂದು ಕೆಲಸ ಬಂದಿತ್ತು. "ಇದು ಮುಗೀಲಿ" ಎಂದೆವು. ಆಮೇಲೆ "ಅದೂ ಮುಗೀಲಿ" ಎಂದೆವು. ಅವರು ಇಳಿಸಲು ಹೋದಾಗಲೆಲ್ಲ ನಮ್ಮಲ್ಲೊಬ್ಬರು ಕೈ ಹಿಡಿದು ತಡೆದರು.

ಒಂದು ದಿನ ಕೋಣೆಯ ತುಂಬಾ ಸುಟ್ಟ ವಾಸನೆ. ಕಾರ್ಡು ಸತ್ತಿತು. ಜೊತೆಗೆ ಒಪ್ಪಿಸಬೇಕಾಗಿದ್ದ ಕೆಲಸವೂ ಕೈತಪ್ಪಿತು. ಅಲ್ಲಿಯವರೆಗೆ ನಮ್ಮದಾಗಿದ್ದ ಸ್ಪೀಡು, ಅಂದಿನಿಂದ ಅವರೊಬ್ಬರದ್ದಾಯಿತು. ಎಲ್ಲರನ್ನೂ ಕೂರಿಸಿಕೊಂಡ ಮೀಟಿಂಗಿನಲ್ಲಿ "ಅತಿಬುದ್ಧಿವಂತಿಕೆ ಮಾಡಿ ಸುಟ್ಹಾಕಿದ್ರಿ" ಎಂಬ ಮಾತು ಬಂತು. ಕಂಪ್ಯೂಟರ್ ಕೋಣೆಯ ಬೀಗದ ಕೈ ಕಿತ್ತುಕೊಂಡು, ಬಾಗಿಲ ಬಳಿ ಫೋನ್ ಎತ್ತುವ ಕೆಲಸಕ್ಕೆ ಕೂರಿಸಿದರು. ಅವರು ನಮ್ಮ ಮುಖಗಳನ್ನು ಒಂದು ಸುತ್ತು ನೋಡಿದರು. ಎಲ್ಲರ ಬಾಯಲ್ಲೂ ಅಕ್ಕಿಕಾಳು; "ಒತ್ತಿ ಅಂದವರು ನಾವು" ಎಂದು ಒಬ್ಬರೂ ಅನ್ನಲಿಲ್ಲ.

ನಿನ್ನೆ ಮಗಳು ಹೇಳಿದಳು — "ಅಪ್ಪ ನನ್ನ ಕಂಪ್ಯೂಟರ್ ಮುಟ್ಟೋದನ್ನೂ ಬಿಟ್ಬಿಟ್ಟಿದ್ರು, ಮಾಮ. ಗೇಮ್ ನಿಧಾನ ಓಡ್ತಿದೆ, ನೋಡಪ್ಪ ಅಂದ್ರೆ, ನನ್ ಕೈ ಸರಿಯಿಲ್ಲ ಮಗಳೇ, ಬೇಡ ಅಂದ್ರು."

ಆ ಕೈ — ನನ್ ಕೈ ಸರಿಯಿಲ್ಲ ಅಂತು.

ಅತ್ತಿಗೆ, ನಾನು ಸುಳ್ಳು ಹೇಳಲಾರೆ. ಗುಂಡಿ ಒತ್ತಿದ ಬೆರಳು ಅವರದೇ.

ಇನ್ನು ಮೌನ ಆಚರಿಸೋಣ. ಆದರೆ ಎಲ್ಲರೂ ಒಟ್ಟಿಗೆ ಏಳಬೇಡಿ. ಅಂದು ಆ ಕುರ್ಚಿಯ ಹಿಂದೆ ಇದ್ದವರು, "ಒತ್ತಿ" ಎಂದವರು — ಮೊದಲು ನೀವು ಏಳಿ. ನಾನು ಆಗಲೇ ನಿಂತಿದ್ದೇನೆ.

— ಅಕ್ಕ, ಬನ್ನಿ. — ಲೆಕ್ಕದವರೇ. — ಹಿಂದಿನ ಸಾಲಿನವರು, ಹೌದು, ನೀವೂ.

— — ಮಾಲೀಕರೇ, ಕಾಯುತ್ತಿದ್ದೇವೆ.

— — ಎದ್ದಿರಲ್ಲ, ದೊಡ್ಡ ಉಪಕಾರ.

ಅತ್ತಿಗೆ, ನೀವು ಕೂತಿರಿ. ಕೂತಲ್ಲಿಂದಲೇ ಒಮ್ಮೆ ಹಿಂದೆ ತಿರುಗಿ ನೋಡಿ. ಮಗಳಿಗೂ ತೋರಿಸಿ. ಆ ಕಾರ್ಡು ಸುಟ್ಟಿದ್ದು ಇಷ್ಟು ಜನ.

ಉಳಿದವರೂ ಏಳಿ. ಇನ್ನು ಯಾರೂ ಮಾತಾಡುವುದು ಬೇಡ.