ಎಂಬತ್ತಾರು ತಟ್ಟೆಗಳು

ಅಧ್ಯಕ್ಷತೆ ವಹಿಸಿರುವ ಆಡಳಿತ ಮಂಡಳಿಯ ಹಿರಿಯರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಿವೃತ್ತ ನ್ಯಾಯಾಧೀಶರೇ, ಪ್ರಾಂಶುಪಾಲರಾದ ಶುಭಾ ಮೇಡಂ ಅವರೇ, ಮೂವತ್ತೆರಡು ವರ್ಷ ನನ್ನ ಜೊತೆ ಸ್ಟಾಫ್ ರೂಮಿನ ಕಾಫಿಯನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಮೇ ತಿಂಗಳ ಬಿಸಿಲಿನಲ್ಲಿ ಜಯನಗರದಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಿ ಗೆದ್ದು ಬಂದಿರುವ ಸಭಿಕರೇ, ಮತ್ತು ಊಟದ ಘಮ ಬಂದರೂ ಕುರ್ಚಿ ಬಿಡದ ನನ್ನ ಮಕ್ಕಳೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ಮಾತಿಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಅದರ ಕೆಳಗಿನ ಸಾಲಿನಲ್ಲಿ 'ಗ್ರಂಥ ಬಿಡುಗಡೆ' ಎಂದಿದೆ. ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿ ಕೆಂಪು ರಿಬ್ಬನ್ ಕಟ್ಟಿರುವ ಕಟ್ಟು ನಿಮಗೆಲ್ಲ ಕಾಣುತ್ತಿದೆ. ಅದರೊಳಗಿರುವುದು ನನ್ನ ನೋಟ್ಸ್. ಎಂಟರಿಂದ ಹತ್ತನೇ ತರಗತಿಯವರೆಗಿನ ಕನ್ನಡದ ಪ್ರಶ್ನೋತ್ತರ, ಪ್ರಬಂಧ, ಪತ್ರಲೇಖನ. ಈ ಸುತ್ತಿನ ಯಾವ ಜೆರಾಕ್ಸ್ ಅಂಗಡಿಗೆ ಹೋಗಿ 'ಆರೆಸ್ ಸರ್ ನೋಟ್ಸ್' ಎಂದರೂ ತಕ್ಷಣ ಕೊಡುತ್ತಾರೆ. ನನ್ನ ಹತ್ತಿರ ಮೂಲಪ್ರತಿ ಕಳೆದುಹೋದಾಗ ನಾನೂ ಅಲ್ಲಿಂದಲೇ ತಂದಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿ ಸುಶ್ರುತ ಅದನ್ನು ಪ್ರೀತಿಯಿಂದ ಅಚ್ಚು ಹಾಕಿಸಿದ್ದಾನೆ. ನನ್ನ ಜಾಗಕ್ಕೆ ಬರುತ್ತಿರುವ ಮೈತ್ರೇಯಿ ಮೇಡಂ ಅವರಿಗೆ ಅದರ ಮೊದಲ ಪ್ರತಿ ಕೊಡಬೇಕೆಂದು ಏರ್ಪಾಡಾಗಿದೆ. ಆ ಪುಸ್ತಕದ ಬಗ್ಗೆ ನನ್ನದೊಂದು ಬೇಡಿಕೆಯಿದೆ. ಕೊನೆಯಲ್ಲಿ ಹೇಳುತ್ತೇನೆ.

ಸ್ವಾಗತ ಭಾಷಣದಲ್ಲಿ ಶುಭಾ ಮೇಡಂ ಒಂದು ಅಂಕಿ ಹೇಳಿದರು. ಮೂವತ್ತೊಂದು ವರ್ಷ ಕನ್ನಡದಲ್ಲಿ ನೂರಕ್ಕೆ ನೂರು ಫಲಿತಾಂಶ. ನೀವೆಲ್ಲ ಚಪ್ಪಾಳೆ ಹೊಡೆದಿರಿ. ಸೇವೆ ಮೂವತ್ತೆರಡು ವರ್ಷದ್ದಲ್ಲವೇ, ಉಳಿದ ಒಂದು ವರ್ಷ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದಿರಾ?

ಅದು ಮೊದಲನೇ ವರ್ಷ. 1994ರ ಜೂನ್‌ನಲ್ಲಿ ಗುಬ್ಬಿಯಿಂದ ಬಂದು, ತಿಲಕ್ ನಗರದಲ್ಲಿ ಒಂದು ಕೋಣೆ ಹಿಡಿದು, ಇಲ್ಲಿ ಕೆಲಸಕ್ಕೆ ಸೇರಿದೆ. ನನಗೆ ಪತ್ರಿಕೆಯ ಹುಚ್ಚು. ದಿನವೂ ಒಂದು ಪತ್ರಿಕೆ ತರಗತಿಗೆ ಒಯ್ದು, ಒಬ್ಬೊಬ್ಬರಿಂದ ಒಂದೊಂದು ಸುದ್ದಿ ಓದಿಸುತ್ತಿದ್ದೆ. ಮಕ್ಕಳು ತಡವರಿಸುತ್ತಿದ್ದರು, ನಗುತ್ತಿದ್ದರು, ಮತ್ತೆ ಓದುತ್ತಿದ್ದರು. ಆ ವರ್ಷ ಐವತ್ತನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿ ಫೇಲಾದರು. ಆಗಿನ ಪ್ರಾಂಶುಪಾಲರು ಕರೆದು ಕೂರಿಸಿ, ಕಾಫಿ ತರಿಸಿ, ಒಂದೇ ಮಾತು ಹೇಳಿದರು: "ರೇವಣಸಿದ್ದಪ್ಪ, ನೀವಿನ್ನೂ ಟೆಂಪರರಿ ಅನ್ನೋದು ನೆನಪಿದೆ ತಾನೆ?" ಮನೆಯಲ್ಲಿ ಹೆಂಡತಿ ಏಳು ತಿಂಗಳ ಗರ್ಭಿಣಿ. ಮರುದಿನದಿಂದ ನಾನು ಪತ್ರಿಕೆಯನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು, ನೋಟ್ಸ್ ಬರೆಸತೊಡಗಿದೆ. ಮುಂದಿನ ವರ್ಷ ನೂರಕ್ಕೆ ನೂರು. ಅದರ ಮುಂದಿನ ವರ್ಷ ಕೆಲಸ ಕಾಯಂ. ಇಷ್ಟೇ ಆ ಅಂಕಿಯ ಕಥೆ.

ಈಗ 2017ರ ಏಪ್ರಿಲ್‌ಗೆ ಬರುತ್ತೇನೆ. ಈ ಶಾಲೆಯ ಮೊದಲ ವಿದೇಶ ಸೇವಾ ಪ್ರವಾಸ. ಪಡಸಾಲೆಯಲ್ಲಿ ಅದರ ದೊಡ್ಡ ಫೋಟೋ ಇದೆ, ನೋಡಿದ್ದೀರಿ. ಎರಡು ವರ್ಷ ಮುಂಚಿನ ಭೂಕಂಪದಲ್ಲಿ ಕಟ್ಟಡ ಕಳೆದುಕೊಂಡ ನೇಪಾಳದ ಗುಡ್ಡದ ಮೇಲಿನ ಒಂದು ಶಾಲೆ. ಕಠ್ಮಂಡುವಿನಿಂದ ಆರು ಗಂಟೆ ಬಸ್ಸು, ಅಲ್ಲಿಂದ ಒಂದೂವರೆ ಗಂಟೆ ನಡಿಗೆ. ನಮ್ಮ ಇಪ್ಪತ್ತೆರಡು ಮಕ್ಕಳು ಅಲ್ಲಿ ಒಂಬತ್ತು ದಿನ ಇದ್ದು, ಕಲ್ಲು ಹೊತ್ತು ಅಂಗಳ ಸಮ ಮಾಡಿ, ಒಂದು ಮೋಟುಗೋಡೆ ಕಟ್ಟುವುದೆಂದು ತೀರ್ಮಾನ. ಪ್ರವಾಸದ ಮುಂದಾಳು ಶುಭಾ ಮೇಡಂ. ಮಕ್ಕಳನ್ನು ಆರಿಸುವ ನಿಯಮ ಮಾಡಿದವನು ನಾನು. ಎಲ್ಲ ಭಾಷೆಗಳಲ್ಲೂ ಎಂಬತ್ತೈದರ ಮೇಲೆ ಅಂಕ ಇರಬೇಕು. ಕಲ್ಲು ಹೊರುವುದಕ್ಕೆ ಭಾಷೆಯ ಅಂಕ ಯಾಕೆ ಎಂದು ನನಗೆ ಆಗ ಅನ್ನಿಸಲಿಲ್ಲ.

ಹೊರಡಲು ಮೂರು ವಾರ ಇರುವಾಗ ಒಬ್ಬ ಪೋಷಕರು ಬಂದರು. ನೇಪಾಳಕ್ಕೆ ಹೋಗಲು ನಮಗೆ ಪಾಸ್‌ಪೋರ್ಟ್ ಕಡ್ಡಾಯವಲ್ಲ, ಆ ವಯಸ್ಸಿನ ಮಕ್ಕಳಿಗೆ ಶಾಲೆಯ ಗುರುತುಪತ್ರವೇ ಸಾಕು ಎಂಬುದು ಅವರಿಗೆ ಅಂದಷ್ಟೇ ತಿಳಿದಿತ್ತು. "ಇದೆಂಥ ಫಾರಿನ್ ಟ್ರಿಪ್ ಸಾರ್? ಪಾಸ್‌ಪೋರ್ಟ್‌ಗೆ ಒಂದು ಸ್ಟ್ಯಾಂಪೂ ಬೀಳಲ್ವಂತೆ!" ಎಂದು ಮಗನ ಹೆಸರು ವಾಪಸ್ ಪಡೆದರು. ಒಂದು ಸೀಟು ಖಾಲಿಯಾಯಿತು.

ಮರುದಿನವೇ ಜರಗನಹಳ್ಳಿಯ ಸೊಣ್ಣಮ್ಮನವರು ಆ ಸೀಟು ಕೇಳಿಕೊಂಡು ಆಫೀಸಿಗೆ ಬಂದರು. ಹಿಂದೆ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಅದೇ ನೆಲದಲ್ಲಿ ಅವರ ಬಾಡಿಗೆ ಮನೆಗಳಿವೆ. ಮೊಮ್ಮಗಳು ಅರ್ಪಿತ ನನ್ನ ಒಂಬತ್ತನೇ ತರಗತಿಯಲ್ಲಿದ್ದಳು. ನಾನು ನಿಯಮ ಹೇಳಿದೆ. ಅವಳಿಗೆ ಕನ್ನಡದಲ್ಲಿ ಐವತ್ತೆಂಟು ಎಂದೆ.

"ಮಾರ್ಕ್ಸ್ ಕಮ್ಮಿ ಇರ್ಬೋದು ಮೇಷ್ಟ್ರೆ, ಕೆಲ್ಸದಲ್ಲಿ ಕಮ್ಮಿ ಇಲ್ಲ. ಕಲ್ ಹೊರಾಕೆ ಯಾವ್ ಮಾರ್ಕ್ಸು?" ಎಂದರು. ಶುಭಾ ಮೇಡಂ ನಕ್ಕುಬಿಟ್ಟರು. ಅರ್ಪಿತ ಇಪ್ಪತ್ತೆರಡನೆಯವಳಾಗಿ ಸೇರಿದಳು.

ಇನ್ನು ತಟ್ಟೆಯ ವಿಷಯ. ಅಲ್ಲಿನ ಮುಖ್ಯೋಪಾಧ್ಯಾಯರು ತಾಮಾಂಗ್ ಎಂಬುವರು. ಮಕ್ಕಳಿಗೆ ಮಧ್ಯಾಹ್ನ ತಿನ್ನಲು ಕೊಡುತ್ತೇವೆ, ತಟ್ಟೆಗಳಿಲ್ಲ ಎಂದು ಇಮೇಲ್ ಮಾಡಿ, ಎಂಬತ್ತಾರು ಹೆಸರುಗಳ ಪಟ್ಟಿ ಕಳಿಸಿದ್ದರು. ನಮ್ಮ ಮನೆಗಳಲ್ಲಿ ಹೆಸರು ಕೊರೆಸದ ಪಾತ್ರೆ ಉಂಟೇ? ಮದುವೆ ಮನೆಗೆ ಹೋದ ಚೊಂಬು ತಿರುಗಿ ಬರುವುದೇ ಹೆಸರಿನ ಬಲದಿಂದ. ಒಬ್ಬೊಬ್ಬ ಮಗುವಿನ ತಟ್ಟೆಗೂ ಅದರದೇ ಹೆಸರು ಹಾಕಿಸೋಣ ಎಂದು ನಾನೇ ಸೂಚಿಸಿದೆ. ಪಟ್ಟಿಯನ್ನು ನನ್ನ ದುಂಡು ಅಕ್ಷರದಲ್ಲಿ ಬರೆದುಕೊಂಡು, ಫೋರ್ತ್ ಬ್ಲಾಕಿನಲ್ಲಿ ಪಾತ್ರೆ ಅಂಗಡಿಯ ಮುಂದೆ ಕೂತು ಹೆಸರು ಕೊರೆಯುವ ಸೋಮಲಿಂಗಪ್ಪನಿಗೆ ಕೊಟ್ಟೆ.

"ಏನ್ ಮೇಷ್ಟ್ರೆ, ಗುರುಂಗ್ ಅಂತೆ, ಶೆರ್ಪಾ ಅಂತೆ, ಇವ್ರೆಲ್ಲ ಯಾವೂರ್ ಬೀಗ್ರು?"

"ನೇಪಾಳದ ಮಕ್ಳು ಕಣಯ್ಯ."

"ಮತ್ತೆ 'ಇಂದ' ಅಂತ ಯಾರ್ ಹೆಸ್ರು ಹಾಕ್ಲಿ?"

"ಯಾರ್ದೂ ಬೇಡ. ತಿನ್ನೋರ್ ಹೆಸ್ರು ಸಾಕು."

"ಕೊಟ್ಟೋರ್ ಹೆಸ್ರಿಲ್ದಿರೋ ಪಾತ್ರೆ ನಾನ್ ಕೊರೀತಿರೋದು ಇದೇ ಮೊದ್ಲು ನೋಡಿ!"

ಕೊಟ್ಟವರ ಹೆಸರು ಬೇಡವೆಂದ ಹೆಮ್ಮೆಯಲ್ಲಿ ನಾನು ಬೀಗಿಹೋಗಿದ್ದೆ. ತಟ್ಟೆಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಿ ಮಕ್ಕಳ ಬ್ಯಾಗುಗಳಿಗೆ ಹಂಚಿದೆವು. ಇಪ್ಪತ್ತು ಮಕ್ಕಳಿಗೆ ತಲಾ ನಾಲ್ಕು, ಇಬ್ಬರಿಗೆ ಮೂರು ಮೂರು.

ಅಲ್ಲಿ ಮೂರನೇ ದಿನ ಮಧ್ಯಾಹ್ನ ತಟ್ಟೆ ಕೊಡುವ ಕಾರ್ಯಕ್ರಮ. ಜಿಂಕ್ ಶೀಟಿನ ಕೊಠಡಿಗಳ ಮುಂದೆ ಮಕ್ಕಳು ಸಾಲಾಗಿ ಕೂತಿದ್ದವು. ಹಿಂದೆ ದೊಡ್ಡ ಪಾತ್ರೆಯಲ್ಲಿ ಅವಲಕ್ಕಿ, ಆಲೂಗಡ್ಡೆ ಪಲ್ಯ. ನಮ್ಮ ಮಕ್ಕಳೇ ಹೆಸರು ಓದಿ ಕೊಡಲಿ ಎಂದರು ಶುಭಾ ಮೇಡಂ. ಮೊದಲ ತಟ್ಟೆ ಎತ್ತಿಕೊಂಡವನು ಸುಶ್ರುತ. ಕನ್ನಡದಲ್ಲಿ ತೊಂಬತ್ತೆಂಟು ತೆಗೆದವನು. ತಟ್ಟೆಯನ್ನು ಒಮ್ಮೆ ಹಾಗೆ, ಒಮ್ಮೆ ಹೀಗೆ ತಿರುಗಿಸಿ ಹೇಳಿದ: "ಸರ್, ಇದು ಕನ್ನಡದಲ್ಲಿದೆ."

ಸಭಿಕರೇ, ಆ ಕ್ಷಣದವರೆಗೆ ನಮಗ್ಯಾರಿಗೂ ಹೊಳೆದಿರಲಿಲ್ಲ! ಪಟ್ಟಿ ಬರೆದ ನನಗೆ ಹೊಳೆಯಲಿಲ್ಲ, ತಟ್ಟೆ ಎಣಿಸಿಕೊಂಡ ಮೇಡಂಗೆ ಹೊಳೆಯಲಿಲ್ಲ. ಪಾತ್ರೆಯ ಮೇಲೆ ಹೆಸರೆಂದರೆ ಕನ್ನಡದಲ್ಲಿ ಇರುತ್ತದೆ, ಅಷ್ಟೇ. ಕನ್ನಡ ಓದಲು ಬಾರದ ಎಂಬತ್ತಾರು ಮಕ್ಕಳಿಗೆ ನಾವು ಎಂಬತ್ತಾರು ಹೆಸರುಗಳನ್ನು ಹೊತ್ತು ತಂದಿದ್ದೆವು. ಎಲ್ಲರೂ ನಕ್ಕೆವು. "ಆಯ್ತು, ನೀನು ಓದಬಲ್ಲೆಯಲ್ಲ, ಓದಪ್ಪ" ಎಂದೆ.

ಅವನು ಓದಲಿಲ್ಲ. ಮೊದಲ ಅಕ್ಷರ ಹೇಳಿದ, ಒತ್ತಕ್ಷರದಲ್ಲಿ ನಿಂತ. ಮುಖ ಕೆಂಪಾಯಿತು. ಮೆಲ್ಲಗೆ ಕೇಳಿದ: "ಸರ್, ಗೊತ್ತಿಲ್ದಿರೋ ವರ್ಡ್ಸ್ ಹೆಂಗೆ ಓದೋದು?"

ಇನ್ನೊಬ್ಬಳನ್ನು ಕರೆದೆ. ತೊಂಬತ್ತಾರು. ಮತ್ತೊಬ್ಬನನ್ನು ಕರೆದೆ. ತೊಂಬತ್ತೈದು. ಐದು ನಿಮಿಷದಲ್ಲಿ ನಾಲ್ಕು ತಟ್ಟೆ ಹೋದವು, ಅದರಲ್ಲಿ ಎರಡು ತಪ್ಪು ಮಗುವಿಗೆ. ಅವಲಕ್ಕಿ ಕಾಯುತ್ತಿತ್ತು, ಮಕ್ಕಳು ಕಾಯುತ್ತಿದ್ದವು, ತಾಮಾಂಗ್ ನನ್ನನ್ನೇ ನೋಡುತ್ತಿದ್ದರು. ನಾನೇ ಓದಿಬಿಡಬಹುದಿತ್ತು. ಓದಲಿಲ್ಲ. ಅವರು ಓದಲಾರರು ಎಂಬುದು ನನಗೆ ಅಂದು ಗೊತ್ತಾಯಿತು ಎಂದರೆ ಸುಳ್ಳಾಗುತ್ತದೆ. ಅಂದು ನಾಲ್ಕು ಜನರ ಮುಂದೆ ಗೊತ್ತಾಯಿತು, ಅಷ್ಟೇ.

ಅರ್ಪಿತ ಹಿಂದೆ ಹೆಂಗಸರ ಜೊತೆ ಬಡಿಸಲು ನಿಂತಿದ್ದಳು. ಕೈ ಒರೆಸಿಕೊಂಡು ಬಂದು, ಸುಶ್ರುತನ ಕೈಯಿಂದ ತಟ್ಟೆ ತೆಗೆದುಕೊಂಡಳು. ಕನಕಪುರ ರಸ್ತೆಯ ಬಸ್ಸಿನಲ್ಲಿ ಕಂಡಕ್ಟರ್ ಸ್ಟಾಪ್ ಕೂಗುವುದನ್ನು ಕೇಳಿದ್ದೀರಲ್ಲ, ಹಾಗೆ ಕೂಗಿದಳು: "ಪೂರ್ಣಿಮಾ ಗುರುಂಗ್! ಬಿಷ್ಣುಮಾಯಾ ತಾಮಾಂಗ್! ದಾವಾ ಶೆರ್ಪಾ, ಬಾರಪ್ಪ, ಬೇಗ ಬಾ!" ಮಕ್ಕಳು ನಗುತ್ತಾ ಓಡಿ ಬಂದವು. ಅವಲಕ್ಕಿ ಮುಗಿಯುವ ಮೊದಲೇ ಎಂಬತ್ತೈದು ತಟ್ಟೆ ಹಂಚಿ ಮುಗಿಯಿತು. ಒಂದು ಉಳಿಯಿತು. ಆ ಮಗುವಿನ ಮನೆಯವರು ಹಿಂದಿನ ವಾರವಷ್ಟೇ ಊರು ಬಿಟ್ಟು ಹೋಗಿದ್ದರು.

ಆಮೇಲಿನ ಆರು ದಿನಗಳನ್ನು ನೆನೆದರೆ ಈಗಲೂ ಎದೆ ಬೆಚ್ಚಗಾಗುತ್ತದೆ. ತೊಳೆದ ತಟ್ಟೆಗಳು ರಾಶಿ ಬಿದ್ದಿರುತ್ತಿದ್ದವು. ಮಕ್ಕಳು ಬಂದು ನಮ್ಮವರ ಅಂಗಿ ಎಳೆದು, "ಮೇರೊ ಕುನ್ ಹೊ?" ಎಂದು ಕೇಳುತ್ತಿದ್ದವು. ನನ್ನದು ಯಾವುದು ಎಂದು. ಉತ್ತರ ಹೇಳಬೇಕಲ್ಲ? ನಮ್ಮವರು ಅರ್ಪಿತಳ ಸುತ್ತ ಕೂತರು. ನಾನು ಜಿಂಕ್ ಶೀಟಿನ ಆಚೆ ನಿಂತು ಕೇಳಿಸಿಕೊಂಡೆ.

"ಏಯ್, ಅದು ಒತ್ತು ಕಣೋ. ಮೇಲಿನ್ದು ಮೊದ್ಲು, ಆಮೇಲೆ ಕೆಳಗಿನ್ದು. ಮೆಟ್ಲು ಇಳ್ದಂಗೆ."

"ಗು... ರುಂ... ಗ್. ಮಗಾ, ಇಷ್ಟೇನಾ! ಸಖತ್ ಈಸಿ ಇದೆ. ಸರ್ ಯಾಕೆ ಇದ್ನ ಹೇಳ್ಕೊಡ್ಲಿಲ್ಲ?"

ಕೇಳಿದವನು ಸುಶ್ರುತ. ಅವನು ಮರೆತಿರಬಹುದು.

ಹೊರಡುವ ದಿನದ ಹೊತ್ತಿಗೆ ಅಲ್ಲಿನ ಮಕ್ಕಳಿಗೆ ತಂತಮ್ಮ ಹೆಸರಿನ ಆಕಾರ ಗುರುತು ಸಿಕ್ಕಿತ್ತು. ನಮ್ಮ ಮಕ್ಕಳಿಗೆ ಓದು ಬಂದಿತ್ತು. ಗೋಡೆಯ ವಿಷಯ ಕೇಳಬೇಡಿ. ನಾವು ಒಂಬತ್ತು ದಿನ ಕಟ್ಟಿದ್ದನ್ನು ಅಲ್ಲಿನ ಇಬ್ಬರು ಗಾರೆಯವರು ಒಂದೂವರೆ ದಿನದಲ್ಲಿ ಕಟ್ಟುತ್ತಿದ್ದರು ಎಂದು ತಾಮಾಂಗ್ ನಗುತ್ತಲೇ ಹೇಳಿದರು. ಉಳಿದ ಒಂದು ತಟ್ಟೆಯನ್ನು ನನ್ನ ಕೈಗಿಟ್ಟು, ಹೆಸರಿರುವ ತಟ್ಟೆಯಲ್ಲಿ ಬೇರೆ ಮಗು ತಿನ್ನುವುದಿಲ್ಲ, ನೀವೇ ಒಯ್ಯಿರಿ ಎಂದರು. ಆಮೇಲೆ ಅರ್ಪಿತಳ ಕಡೆ ನೋಡಿ, "ಈ ಹುಡುಗಿ ನಿಮ್ಮ ತರಗತಿಗೆ ಮೊದಲನೆಯವಳಿರಬೇಕು" ಎಂದರು.

ನಾನು "ಹೌದು" ಎಂದೆ.

ಆ ಐವತ್ತೆಂಟು ಅಂಕ ಹೇಗೆ ಬಂತೆಂದು ಹೇಳಿಬಿಡುತ್ತೇನೆ. ಉದಾಹರಣೆಗೆ ಒಂದು ಪ್ರಬಂಧ: 'ದಿನಪತ್ರಿಕೆಗಳ ಉಪಯೋಗಗಳು'. ನನ್ನ ನೋಟ್ಸಿನಲ್ಲಿ ಹನ್ನೆರಡು ಅಂಶಗಳಿವೆ, ಉಳಿದ ನಲವತ್ತು ಮಕ್ಕಳೂ ಆ ಹನ್ನೆರಡನ್ನೇ ಬರೆದಿದ್ದರು. ಅವಳು ಬರೆದದ್ದು ನನಗೆ ಬಾಯಿಪಾಠವಾಗಿದೆ: "ನಮ್ಮ ಅಜ್ಜಿಗೆ ಓದಲು ಬರುವುದಿಲ್ಲ. ಬೆಳಿಗ್ಗೆ ನಾನು ಪತ್ರಿಕೆ ಓದಿ ಹೇಳುತ್ತೇನೆ. ಮೊದಲು ನಿಧನ ವಾರ್ತೆ ಓದಬೇಕು. ಗೊತ್ತಿರುವವರು ಯಾರೂ ಸತ್ತಿಲ್ಲ ಎಂದಾದ ಮೇಲೆ ಅಜ್ಜಿ ನೆಮ್ಮದಿಯಿಂದ ಕಾಫಿ ಕುಡಿಯುತ್ತಾರೆ. ಇದು ನಮ್ಮ ಮನೆಯಲ್ಲಿ ಪತ್ರಿಕೆಯ ಉಪಯೋಗ." ನಾನು ಹತ್ತಕ್ಕೆ ಮೂರು ಕೊಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಂಶಗಳಿಲ್ಲ' ಎಂದು ಬರೆದೆ. ಪತ್ರಿಕೆ ಓದಿಸಿದ್ದಕ್ಕೆ ಕೆಲಸ ಕಳೆದುಕೊಳ್ಳಲಿದ್ದ ಮೇಷ್ಟ್ರು ಬರೆದದ್ದು ಇದು.

ನೇಪಾಳದಿಂದ ಬಂದ ಮೇಲೆ ನಾನು ಬದಲಾದೆ ಎಂದು ಹೇಳಿದರೆ ಭಾಷಣ ಚೆನ್ನಾಗಿ ಮುಗಿಯುತ್ತಿತ್ತು. ನಾನು ಬದಲಾಗಲಿಲ್ಲ. ಜೂನ್‌ನಲ್ಲಿ ತರಗತಿ ಶುರುವಾಯಿತು, ಮೊದಲ ದಿನವೇ "ಬರೆದುಕೊಳ್ಳಿ" ಎಂದೆ. ಇನ್ನೂ ಒಂಬತ್ತು ವರ್ಷ ಬರೆಸಿದೆ. ಕೆಲಸ ಕಾಯಂ ಆಗಿತ್ತು, ಮಗಳ ಮದುವೆಯೂ ಆಗಿತ್ತು, ಆಗ ಯಾರಿಗೆ ಹೆದರಿದೆನೋ ನನಗೆ ಇಂದಿಗೂ ತಿಳಿಯದು. ಆ ನೂರು ಎಂಬ ಅಂಕಿಗೇ ಹೆದರಿದೆ ಎಂದು ಕಾಣುತ್ತದೆ.

ಅರ್ಪಿತ ಈಗ ಕಾನೂನು ಓದುತ್ತಿದ್ದಾಳೆ. ಇವತ್ತು ಅವಳಿಗೆ ಪರೀಕ್ಷೆ. ಸೊಣ್ಣಮ್ಮನವರು ಬಂದು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಗೇಟಿನ ಹತ್ತಿರ ಸಿಕ್ಕಾಗ, "ನಾನು ಕೇಳ್ಕಂಡ್ ಹೋಗಿ ಅವ್ಳಿಗೆ ಹೇಳ್ತೀನಿ ಮೇಷ್ಟ್ರೆ" ಎಂದರು. ಅಮ್ಮಾ, ಇದನ್ನೂ ಹೇಳಿ. ಆ ಪ್ರಬಂಧಕ್ಕೆ ಮೂರು ಕೊಟ್ಟದ್ದು ತಪ್ಪು. ಮೇಷ್ಟ್ರು ಕ್ಷಮೆ ಕೇಳಿದರು ಎಂದು ಹೇಳಿ.

ಈಗ ನನ್ನ ಬೇಡಿಕೆ. ಮಾನ್ಯ ನ್ಯಾಯಾಧೀಶರೇ, ದಯವಿಟ್ಟು ಆ ರಿಬ್ಬನ್ ಬಿಚ್ಚಬೇಡಿ. ಸುಶ್ರುತ, ನಿನ್ನ ಮೇಲೆ ಸಿಟ್ಟಿಲ್ಲಪ್ಪ. ಪರದೆಯ ಪಕ್ಕ ನಿಂತು ನೀನು ಕೈ ಹಿಸುಕಿಕೊಳ್ಳುತ್ತಿರುವುದು ಕಾಣುತ್ತಿದೆ. ನೀನು ಪ್ರೀತಿಯಿಂದ ಮಾಡಿದ್ದೀಯ. ಆದರೆ ಅದು ಮೈತ್ರೇಯಿ ಮೇಡಂ ಕೈಗೆ ಹೋದರೆ ಇನ್ನೂ ಮೂವತ್ತು ವರ್ಷ ಈ ಶಾಲೆಯಲ್ಲಿ ಗೊತ್ತಿಲ್ಲದ ಪದ ಓದುವವರು ಹುಟ್ಟುವುದಿಲ್ಲ. ಆ ಕಟ್ಟು ಹಾಗೆಯೇ ನನ್ನ ಜೊತೆ ತಿಲಕ್ ನಗರಕ್ಕೆ ಬರಲಿ.

ಮೈತ್ರೇಯಿ ಮೇಡಂ, ನಿಮಗೆ ಕೊಡಲು ಈ ಚೀಲದಲ್ಲಿ ಬೇರೊಂದು ತಂದಿದ್ದೇನೆ. ಇದೋ, ಎಂಬತ್ತಾರನೇ ತಟ್ಟೆ. ಇಷ್ಟು ವರ್ಷ ನನ್ನ ಕಪಾಟಿನಲ್ಲಿತ್ತು, ಯಾರೂ ಇದರಲ್ಲಿ ತಿಂದಿಲ್ಲ. ಜೂನ್‌ನಲ್ಲಿ ಮೊದಲ ದಿನ, ಪುಸ್ತಕ ತೆರೆಸುವ ಮುಂಚೆ, ಇದನ್ನು ಒಬ್ಬೊಬ್ಬ ಮಗುವಿನ ಕೈಗೂ ಕೊಟ್ಟು ಓದಿಸಿ. ತಡವರಿಸಲಿ, ನಗಲಿ, ಮತ್ತೆ ಓದಲಿ. ಹನ್ನೊಂದು ಮಂದಿ ಫೇಲಾದರೆ ಆಡಳಿತ ಮಂಡಳಿಯವರು ನನ್ನ ಹೆಸರು ಹೇಳಿ ಬೈಯಲಿ.

ಇದರ ಮೇಲಿರುವ ಹೆಸರು ಯಾವುದೆಂದು ಮುಂದಿನ ಸಾಲಿನ ಮಕ್ಕಳು ಕತ್ತು ಚಾಚುತ್ತಿದ್ದೀರಿ. ನಾನು ಹೇಳುವುದಿಲ್ಲ. ಹೇಳಿಬಿಟ್ಟರೆ ಇದೂ ನೋಟ್ಸ್ ಆಗುತ್ತದೆ.

ಹತ್ತು ನಿಮಿಷ ಎಂದೋ ಮುಗಿದಿದೆ, ಅನ್ನ ಆರುತ್ತಿದೆ. ಶಾಲು ಹೊದಿಸಿದವರಿಗೆ, ಕೇಳಿಸಿಕೊಂಡವರಿಗೆ, ಮನೆಗೆ ಹೋಗಿ ಹೇಳುವವರಿಗೆ, ಎಲ್ಲರಿಗೂ ನನ್ನ ಧನ್ಯವಾದಗಳು. ಬರುತ್ತೇನೆ. ನಮಸ್ಕಾರ.