ಗುಹೆಯ ಕಲ್ಲಿಗೆ ಮೂರು ಸುತ್ತು

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೊರಟ ಬಸ್ಸಿನಲ್ಲಿ ಸುಶೀಲಮ್ಮ ಕಣ್ಣು ಮುಚ್ಚಿದ್ದರಷ್ಟೇ, ಮುಂದಿನ ಸೀಟಿನ ಗಗನಾ ಗೆಳತಿ ಚೇತನಾಳಿಗೆ ಹೇಳುವುದು ಕೇಳಿಸಿತು:

“ರಾಕ್ಷಸನ್ನ ಕೊಂದೇಬಿಟ್ಟೆ ಮಾರಾಯ್ತಿ!”

ಸುಶೀಲಮ್ಮನ ನಿದ್ದೆ ಹಾರಿಹೋಯಿತು.

“ನಿಮ್ಮನೆಯವರು ತಿಂಗಳಿಂದ ಸೋಲ್ತಿದ್ದ ಮೊಬೈಲ್ ಗೇಮಿಂದಾ?” ಚೇತನಾ ಕೇಳಿದಳು.

“ಅದೇ, ಮೊದಲ್ನೇ ಗುಹೆ ಕಾಯೋ ಬಾಸು. ಅವರು ಸ್ನಾನಕ್ಕೆ ಹೋದಾಗ ಅವರ ಫೋನ್ ತಗೊಂಡೆ.”

“ಹ್ಯಾಂಗೆ ಕೊಂದ್ಯೆ?”

“ಗುಹೆ ನಡುವೆ ಒಂದು ಕಲ್ಲು, ನಮ್ಮ ಬನದ ಭೂತನ ಕಲ್ಲಿನ ಹಾಂಗೇ. ಕತ್ತಿ ಎತ್ತೋ ಮೊದ್ಲು ಮೂರು ಸುತ್ತು ಪ್ರದಕ್ಷಿಣೆ ಹಾಕೋಣ ಅಂತ ಹೊರಟೆ. ಅವನೂ ಹಿಂದೇನೇ ಬಂದ. ಗದೆ ಬೀಸಿದ್ದೆಲ್ಲ ಕಲ್ಲಿಗೇ ಬಿತ್ತು. ಸುಸ್ತಾಗಿ ಕೂತ, ಬೆನ್ನಿಗೆ ಕೊಟ್ಟೆ!”

“ನಿಮ್ಮನೆಯವರು?”

“ಅವರದ್ದು ನೆಟ್ಟಗೆ ನುಗ್ಗೋದು, ಸಾಯೋದು. ಇನ್ನೂ ಹೇಳಿಲ್ಲ. ಸಿಟ್ಟಲ್ಲಿ ಗೇಮೇ ತೆಗೆದುಹಾಕಿದ್ರೆ? ನಂಗೆ ಈಗಷ್ಟೇ ರುಚಿ ಹತ್ತಿದೆ.”

ಅಷ್ಟರಲ್ಲಿ ಗಗನಾಳ ಫೋನ್ ಬಡಿದುಕೊಂಡಿತು. ಅವಳು ಕೇಳಿಸಿಕೊಂಡಳು, “ಹೂಂ, ನಾನೇ ಕೊಂದಿದ್ದು” ಎಂದಳು, ಇಟ್ಟಳು.

“ಬೈದ್ರಾ?”

“ಇಲ್ವೆ. ಎರಡನೇ ಗುಹೇಲಿ ಸತ್ತು ಸತ್ತು ಸಾಕಾಯ್ತಂತೆ. ಬೇಗ ಮನೆಗೆ ಬಾ ಅಂದ್ರು.”

ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು. ಗಗನಾ ಚೇತನಾಳನ್ನೂ ಎಳೆದುಕೊಂಡು ರಸ್ತೆ ದಾಟಿ, ಕೊಪ್ಪದ ಕಡೆ ಹೊರಟಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದಳು.