ಕಾರ್ತ್ಯಾಯಿನಿ ಚೇಚಿಯ ಖಾಲಿ ಕೊಳವೆ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲೆ ಸಿಸ್ಟರ್ ಬೆನೀತಾ ಅವರೇ, ವೇದಿಕೆಯ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಪ್ರಯೋಗಾಲಯದ ಸಹಾಯಕಿ, ನಮ್ಮೆಲ್ಲರ ಅಕ್ಕ ಕಾರ್ತ್ಯಾಯಿನಿ ಚೇಚಿಯವರೇ, ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ನನ್ನ ಕೈಯಲ್ಲಿರುವ ಈ ಕಪ್ಪು ಕಾಗದದ ಸುರುಳಿ ಏನೆಂದು ಎಲ್ಲರೂ ನೋಡುತ್ತಿದ್ದೀರಿ. ಒಳಗೊಂದು ಗಾಜಿನ ಕೊಳವೆಯಿದೆ. ಅದರಲ್ಲಿ ನೇರಳೆ ದ್ರಾವಣವಿದೆ. ಸಸ್ಯದ ಸಾರದಲ್ಲಿ ಆಂಟಿಆಕ್ಸಿಡೆಂಟ್ ಎನ್ನುವ ಉತ್ಕರ್ಷಣ ನಿರೋಧಕ ಶಕ್ತಿಯಿದ್ದರೆ ಈ ನೇರಳೆ ಕತ್ತಲಲ್ಲಿ ಅರ್ಧ ಗಂಟೆಯೊಳಗೆ ಹಳದಿಯಾಗುತ್ತದೆ. ಆ ಅರ್ಧ ಗಂಟೆಯನ್ನು ನನಗಿಂತ ಮೊದಲು ಮಾತಾಡಿದವರು ಧಾರಾಳವಾಗಿ ಕೊಟ್ಟಿದ್ದಾರೆ!

ಮೂವತ್ತೊಂದು ವರ್ಷಗಳ ಹಿಂದೆ ನಾನಿಲ್ಲಿ ಸಂಶೋಧನಾ ವಿದ್ಯಾರ್ಥಿನಿ. ನಮ್ಮ ಹಿತ್ತಲಿನ ಒಂದು ಬಳ್ಳಿಯ ಎಲೆ ತಂದು ಸಾರ ತೆಗೆದೆ. ಒಂದು ಹನಿ ಹಾಕಿದೆ, ಹಳದಿ. ನೂರು ಪಾಲು ತೆಳುವಾಗಿಸಿ ಹಾಕಿದೆ, ಆಗಲೂ ಹಳದಿ! ನನ್ನ ಸಂತೋಷವನ್ನು ಏನೆಂದು ಹೇಳಲಿ? ಮಾರ್ಗದರ್ಶಕರಾದ ಇಟ್ಟೂಪ್ ಸರ್ ತಿರುವನಂತಪುರದ ಸಮ್ಮೇಳನಕ್ಕೆ ನನ್ನ ಹೆಸರು ಕಳಿಸಿಯೇಬಿಟ್ಟರು. ನಾನು ಹೊಸ ಸೀರೆ ಕೊಂಡೆ.

ಹೊರಡುವ ಹಿಂದಿನ ದಿನ ಚೇಚಿ ನನ್ನನ್ನು ತೊಟ್ಟಿಯ ಹತ್ತಿರ ಕರೆದರು. "ಜೆಸ್ಸೀ, ಇಲ್ಲಿ ನೋಡು. ನಾನು ತೊಳೆದಿಟ್ಟ ಖಾಲಿ ಕೊಳವೆ. ನಿನ್ನ ಎಲೆ ಗಿಲೆ ಏನೂ ಹಾಕಿಲ್ಲ. ಆದ್ರೂ ನಿನ್ನ ನೇರಳೆ ನೀರು ಹಳದಿ ಆಗೋಯ್ತಲ್ಲೇ!"

ನಮ್ಮ ಮನೆಗಳಲ್ಲಿ ಮೀನು ಸಾರಿನ ಮಡಕೆಗೂ ದೇವರ ದೀಪ ಉಜ್ಜುವುದಕ್ಕೂ ಹುಳಿಯೇ ಗತಿಯಲ್ಲವೇ? ಕೊಳವೆಗೆ ಹಿಡಿದ ನೇರಳೆ ಕಲೆ ಸೋಪಿಗೆ ಹೋಗದಿದ್ದಾಗ ಚೇಚಿ ಮೀನು ಸಾರಿಗೆ ಹಾಕುವ ಒಣ ಹುಳಿ ಕೊಡಂಪುಳಿಯನ್ನು ನೆನೆಸಿದ ನೀರಿನಲ್ಲಿ ಉಜ್ಜಿದ್ದರು. ಕಲೆ ಮಾಯವಾಗಿತ್ತು. ಕೊಳವೆಯಲ್ಲುಳಿದ ಆ ಹುಳಿನೀರೇ ನನ್ನ ಬಣ್ಣವನ್ನೂ ಮಾಯ ಮಾಡುತ್ತಿತ್ತು, ಎಲೆಯಲ್ಲ. ಹೋಲಿಕೆಗೆಂದು ಸಾರ ಹಾಕದೆ ನಾನಿಟ್ಟ ಕೊಳವೆ ಮಾತ್ರ ಪೆಟ್ಟಿಗೆಯಿಂದ ತೆಗೆದ ಹೊಸದು. ಅದು ಜಂಬದಿಂದ ನೇರಳೆಯಾಗಿಯೇ ನಿಂತಿತ್ತು. ಎಂಥ ಪೆದ್ದಿ ನಾನು!

ಸಮ್ಮೇಳನ ತಪ್ಪಿತು. ಇಟ್ಟೂಪ್ ಸರ್ ಗುಡುಗಿದರು: "ಹುಳಿ ಹಾಕಿ ಒಂದೇ ಸಲ ತೊಳೀರಿ ಅಂತ ಹೇಳಿದ್ದು ಯಾರು?"

ಚೇಚಿ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

ಸಭಿಕರೇ, ಇಲ್ಲಿಯವರೆಗಿನ ಕಥೆ ನಿಮಗೆಲ್ಲ ಗೊತ್ತಿದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳಿ ನಗಿಸುತ್ತೇನೆ. ತೊಳೆದ ಖಾಲಿ ಕೊಳವೆಯೊಂದನ್ನು ಪರೀಕ್ಷಿಸದೆ ಇಲ್ಲಿ ಯಾರೂ ಪ್ರಯೋಗ ಆರಂಭಿಸುವುದಿಲ್ಲ. ಅದಕ್ಕೆ 'ಚೇಚಿ ಕೊಳವೆ' ಎಂದೇ ಹೆಸರು. ಆದರೆ ಕಿಟಕಿಯ ವಿಷಯ ಹೇಳಿದ್ದೆನೇ? ಒಮ್ಮೆಯೂ ಇಲ್ಲ. ಇಂದೂ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ.

ಆ ಬೇಸಿಗೆ ಬಾವಿ ತಳ ಕಂಡಿತ್ತು. "ಚೇಚಿ, ನೀರಿಲ್ಲ, ಒಂದೇ ಸಲ ತೊಳೆದು ಕೊಡಿ, ನನಗೆ ಅವಸರ" ಎಂದವಳು ನಾನು. "ಮೂರು ಸಲ ತೊಳೀದೆ ಹೇಗೆ ಕೊಡ್ಲಿ?" ಎಂದು ಅವರು ಕೇಳಿದ್ದರು. ಎಚ್ಚರಿಕೆಯ ಪತ್ರ ಬಂದದ್ದು ಅವರಿಗೆ. ಅದರಿಂದಾಗಿ ಕೆಲಸ ಕಾಯಂ ಆಗಲು ಆರು ವರ್ಷ ತಡವಾಯಿತು. ಮರುದಿನ ನಾನು ಅತ್ತಾಗ ಅವರು ಹೇಳಿದ್ದು ಇಷ್ಟೇ: "ಸುಮ್ನಿರೇ, ನೀನು ಓದೋಳು. ಮೊದ್ಲು ಚಾಯ ಕುಡಿ." ನಾನು ಕುಡಿದೆ. ನನಗೆ ನಾಚಿಕೆಯಾಗುತ್ತದೆ.

ಸಿಸ್ಟರ್, ಆ ಪತ್ರ ಇಂದಿಗೂ ಚೇಚಿಯ ಕಡತದಲ್ಲಿದೆ. ಅದನ್ನು ತೆಗೆಯಿರಿ. ತಪ್ಪು ನನ್ನದೆಂದು ಇವತ್ತೇ ಬರೆದು ಸಹಿ ಹಾಕಿ ಕೊಡುತ್ತೇನೆ, ಅದನ್ನು ನನ್ನ ಕಡತದಲ್ಲಿಡಿ.

ಈ ಕೊಳವೆಯನ್ನು ಬೆಳಿಗ್ಗೆ ನಾನೇ ಕೊಡಂಪುಳಿಯಲ್ಲಿ ಉಜ್ಜಿ, ಅಂದಿನಂತೆ ಒಂದೇ ಸಲ ತೊಳೆದೆ. ಎಲೆಯ ಸಾರ ಒಂದು ಹನಿಯೂ ಇಲ್ಲ. ಬಿಚ್ಚುತ್ತೇನೆ, ನೋಡಿ. ಹಳದಿ! ಹಿಂದಿನ ಸಾಲಿನವರೂ ನೋಡಿ, ಅಪ್ಪಟ ಹಳದಿ! ಚೇಚಿ, ಅಂದು ನೀವು ತೋರಿಸಿದ್ದು ಇದನ್ನೇ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಊಟಕ್ಕೆ ನಡೆಯಿರಿ, ನಾನು ಸ್ವಲ್ಪ ತಡವಾಗಿ ಬರುತ್ತೇನೆ. ಈ ಕೊಳವೆಯನ್ನು ತೊಳೆಯಬೇಕು. ಮೂರು ಸಲ. ಚೇಚಿ, ನಿಮಗೆ ನಮಸ್ಕಾರ.